ಜಿಪ್ ಸಿರುಗುಪ್ಪ ಮಾಡದ ಸಾಲ

ಸಿರುಗುಪ್ಪದಲ್ಲಿ ಜಿಪ್ ಹಚ್ಚುವವಳ ಫೋನು ಮೂರು ದಿನದಿಂದ ಸ್ವಿಚ್ ಆಫ್ ಬರುತ್ತಿತ್ತು. ಹನ್ನೆರಡು ಬಂಡಲ್ ಮುಂಭಾಗದ ಪೀಸುಗಳು ಆಕೆಯ ಮನೆಯಲ್ಲಿದ್ದವು. ಒಂದೊಂದು ಬಂಡಲ್ಲಿಗೆ ಇಪ್ಪತ್ತೈದು ಪೀಸು. ಅವು ಬಾರದೆ ಇತ್ತ ಬಳ್ಳಾರಿಯಲ್ಲಿ, ಸಂಗನಕಲ್ಲು ರಸ್ತೆಯ ನಮ್ಮ ಜೀನ್ಸ್ ಶೆಡ್ಡಿನಲ್ಲಿ, ಹಿಂಭಾಗದ ಪೀಸುಗಳು ಜೋಡಿಯಿಲ್ಲದೆ ಬಿದ್ದಿದ್ದವು. ಶೆಡ್ಡಿನ ಯಜಮಾನರು ಬೆಳಿಗ್ಗೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ ಕೇಳುತ್ತಿದ್ದರು. ನನಗೆ ವಿಪರೀತ ಸಿಟ್ಟು ಬಂದಿತ್ತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿಲ್ಲ ಎಂದು ನಮ್ಮ ಮನೆಯವರು ಹೇಳುತ್ತಾರೆ.

ಶೆಡ್ಡಿನಲ್ಲಿ ಕತ್ತರಿಸಿದ ಬಟ್ಟೆಯನ್ನು ಕುರುಗೋಡು, ಸಿರುಗುಪ್ಪದ ಹೆಣ್ಣುಮಕ್ಕಳ ಮನೆಗಳಿಗೆ ಮುಟ್ಟಿಸಿ, ಹೊಲಿದ ಮೇಲೆ ವಾಪಸು ತರಿಸುವುದು ನನ್ನ ಕೆಲಸ. ಒಬ್ಬೊಬ್ಬರದು ಒಂದೊಂದು ಕೈಚಳಕ. ಒಬ್ಬಳು ಜಿಪ್ ಹಚ್ಚಿದರೆ ಇನ್ನೊಬ್ಬಳು ಜೇಬು, ಮತ್ತೊಬ್ಬಳು ಸೊಂಟದ ಪಟ್ಟಿ. ನನ್ನ ಫೋನಿನಲ್ಲಿ ಲಕ್ಷ್ಮಿಯರೇ ಆರು ಮಂದಿ, ಗಂಗಮ್ಮಂದಿರು ನಾಲ್ವರು. ಆದ್ದರಿಂದ ಹೆಸರಿನ ಗೊಡವೆ ಬಿಟ್ಟು ಕೆಲಸ ಮತ್ತು ಊರನ್ನೇ ಹಾಕಿಕೊಂಡಿದ್ದೆ. ಜಿಪ್ ಸಿರುಗುಪ್ಪ. ಪಾಕೆಟ್ ಕುರುಗೋಡು. ಒಂದೇ ಊರಲ್ಲಿ ಒಂದೇ ಕೆಲಸದವರು ಮೂವರಿದ್ದರೆ ಮುಂದೊಂದು ಅಂಕಿ. ಇಲ್ಲಿಯೂ ಅವರನ್ನು ಹಾಗೆಯೇ ಕರೆಯುತ್ತೇನೆ, ಹೆಸರು ಬರೆದರೆ ಅವರ ಮನೆಗಳಲ್ಲಿ ಒಪ್ಪಲಿಕ್ಕಿಲ್ಲ.

ನಾಲ್ಕನೇ ದಿನ ಬಸ್ಸು ಹತ್ತಿದೆ. ತೆಕ್ಕಲಕೋಟೆ ದಾಟುವವರೆಗೂ ಏನೇನು ಬೈಯಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಸಿರುಗುಪ್ಪದ ಆ ಮನೆಯ ಬಾಗಿಲಲ್ಲಿ ಜಿಪ್‌ನವಳ ಅತ್ತೆ ಕೂತಿದ್ದರು. ಯಾವಾಗ ಹೋದರೂ ಚಹಾ ಕುಡಿಸದೆ ಬಿಡದ ಹೆಂಗಸು ಅವತ್ತು “ಬರ್ರಿ” ಎಂದೂ ಅನ್ನಲಿಲ್ಲ. ಒಳಗೆ ಹೊಲಿಗೆ ಮೆಷಿನ್ನಿನ ಮೇಲೆ ಹಳೆ ಸೀರೆ ಹೊದಿಸಿತ್ತು. ನನ್ನ ಹನ್ನೆರಡು ಬಂಡಲ್ಲುಗಳನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಏಳಕ್ಕೆ ಜಿಪ್ ಬಿದ್ದಿತ್ತು, ಐದಕ್ಕೆ ಇರಲಿಲ್ಲ.

“ನಿಮ್ಮ ಮಾಲು ತಗೊಂಡು ಹೋಗ್ರಿ,” ಅತ್ತೆ ಅಂದರು. “ಇನ್ನ ಮ್ಯಾಲೆ ಆಕಿ ಹೊಲಿಯಂಗಿಲ್ಲ.”

“ಯಾಕ್ರಿ ಅವ್ವಾ, ಏನಾತು?”

“ಏನಾತು ಅಂತ ಆಕೀನ ಕೇಳ್ರಿ. ಗಂಡಗ ಗೊತ್ತಿಲ್ದಂಗ ಸಾಲ ಮಾಡ್ಯಾಳ. ದಿನಕ್ಕ ಹತ್ತು ಸಲ ಫೋನು. ಓಣಿ ಮಂದಿಗೂ ಫೋನು ಹಚ್ಚಿ ಹೇಳ್ಯಾರ, ನಿಮ್ಮ ಬಾಜೂ ಮನ್ಯಾಕಿ ರೊಕ್ಕ ನುಂಗ್ಯಾಳಂತ.”

ಆಕೆಯ ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವನು, ಮಾತು ಕಡಿಮೆ. ತನ್ನ ಫೋನು ತೆಗೆದು ತೋರಿಸಿದ. ಹೆಂಡತಿಯ ವಾಟ್ಸಾಪ್ ಫೋಟೋದ ಕೆಳಗೆ ಕೆಂಪಕ್ಷರದಲ್ಲಿ ‘ಮೋಸಗಾತಿ’ ಎಂದು ಬರೆದು ಕಳಿಸಿದ್ದರು. ಅದರ ಹಿಂದೆಯೇ ಗುಂಡನೆಯ ಮುದ್ರೆಯಿದ್ದ ಒಂದು ನೋಟೀಸು. ಬಡ್ಡಿ ಸೇರಿ ನಲವತ್ತಮೂರು ಸಾವಿರ, ಮೂರು ದಿನದಲ್ಲಿ ಕಟ್ಟದಿದ್ದರೆ ಮನೆಗೆ ಜನ ಬರುತ್ತಾರೆ ಎಂದು ಅದರಲ್ಲಿತ್ತು.

“ನಾನೂ ಮೊದ್ಲು ನಂಬಲಿಲ್ರಿ,” ಅಂದ. “ಆದ್ರ ಇಕಿ ಜಿಪ್ ಹಚ್ಚತಾಳಂತ ಸೈತ ಅವನಿಗೆ ಗೊತ್ತೈತಿ. ಗುರ್ತಿಲ್ಲದಾಂವ ಹೆಂಗ ಹೇಳ್ತಾನ?”

ಅದು ನನಗೂ ಸರಿಯಾದ ಪ್ರಶ್ನೆ ಎನ್ನಿಸಿತು. ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಂತಿದ್ದ ಆಕೆಯ ಕಡೆ ತಿರುಗಿ ಎಲ್ಲರೆದುರೇ ಕೇಳಿದೆ: “ಖರೇ ಹೇಳವ್ವಾ, ಎಷ್ಟು ತಗೊಂಡಿ?”

“ಒಂದು ರೂಪಾಯಿನೂ ತಗೊಂಡಿಲ್ಲಕ್ಕಾ.”

“ಸುಮ್ ಸುಮ್ಕ ಯಾರೂ ಫೋನು ಮಾಡಂಗಿಲ್ಲ,” ಅಂದುಬಿಟ್ಟೆ.

ಆಕೆ ನನ್ನನ್ನು ಒಂದು ಸಲ ನೋಡಿ ಒಳಗೆ ಹೋದಳು. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಅತ್ತೆ ಸೊಸೆಯ ಫೋನನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು. ಮೆಷಿನ್ ಮಾರುವ ಮಾತೂ ನಡೆದಿತ್ತು. ಆ ಫೋನನ್ನೂ ಮೆಷಿನ್ನಿಗೆ ಹಾಕಿಸಿದ ಮೋಟಾರನ್ನೂ ಆಕೆ ಜಿಪ್ ಹಚ್ಚಿದ ದುಡ್ಡಿನಿಂದಲೇ ಕೊಂಡಿದ್ದಳು ಎಂಬುದು ನನಗೆ ಗೊತ್ತಿತ್ತು. ಆದರೂ ಹನ್ನೆರಡು ಬಂಡಲ್ಲು ಗೂಡ್ಸ್ ಆಟೋಗೆ ಹೇರಿಸಿಕೊಂಡು ಬಂದೆ.

ಎರಡು ದಿನ ಕಳೆಯುವುದರೊಳಗೆ ಕುರುಗೋಡಿನ ಜೇಬಿನವಳು ಫೋನು ಮಾಡಿ ಅತ್ತಳು. ಅದೇ ಕಥೆ. ಮರುದಿನ ಸೊಂಟದ ಪಟ್ಟಿಯವಳು. ವಾರದೊಳಗೆ ಹನ್ನೊಂದು ಮಂದಿ. ಹನ್ನೊಂದು ಹೆಂಗಸರು ಒಟ್ಟಿಗೆ ಗಂಡಂದಿರಿಗೆ ಹೇಳದೆ ಸಾಲ ಮಾಡಲಾರರು ಎಂಬಷ್ಟು ಲೆಕ್ಕ ನನಗೂ ಬರುತ್ತದೆ. ಇದು ಸುಳ್ಳು ವಸೂಲಿಯವರ ಆಟ ಎಂದು ಖಾತ್ರಿಯಾಯಿತು. ಆದರೆ ಸಿರುಗುಪ್ಪಕ್ಕೆ ಹೋಗಿ ಹಾಗೆಂದು ಹೇಳಲು ಬರಿಗೈಯಲ್ಲಿ ಹೋಗುವುದು ಹೇಗೆ? ಮೊದಲು ಈ ಕರೆಗಳನ್ನು ನಿಲ್ಲಿಸಿ, ಆಮೇಲೆ ಹೋಗುತ್ತೇನೆ ಎಂದುಕೊಂಡೆ.

ನಿಲ್ಲಿಸಲು ನಾನು ಮಾಡಿದ ಮೊದಲ ಉಪಾಯ ನಮ್ಮ ಕೆಲಸಕ್ಕೇ ಕುತ್ತು ತಂದಿತು. ಗುರುತಿಲ್ಲದ ನಂಬರು ಯಾರೂ ಎತ್ತಬೇಡಿ ಎಂದು ಎಲ್ಲರಿಗೂ ಹೇಳಿದೆ. ನಮ್ಮ ಗೂಡ್ಸ್ ಆಟೋದವರು ವಾರಕ್ಕೊಬ್ಬರು ಬದಲಾಗುತ್ತಾರೆ. ಒಬ್ಬ ಡ್ರೈವರು ಕುರುಗೋಡು ಬಸ್ ನಿಲ್ದಾಣದ ಮುಂದೆ ಮಾಲು ಇಟ್ಟುಕೊಂಡು ಒಂಬತ್ತು ಮನೆಗಳಿಗೆ ಫೋನು ಮಾಡಿದ. ಒಬ್ಬರೂ ಎತ್ತಲಿಲ್ಲ. ಬಿಸಿಲಲ್ಲಿ ಎರಡು ತಾಸು ಕಾದು, ಮಾಲನ್ನು ವಾಪಸು ಶೆಡ್ಡಿಗೆ ತಂದು ಸುರಿದು, ಎರಡೂ ಕಡೆಯ ಬಾಡಿಗೆ ಕೇಳಿದ. ಯಜಮಾನರು ಅದನ್ನು ನನ್ನ ಲೆಕ್ಕಕ್ಕೆ ಹಾಕಿದರು.

ಎರಡನೆಯದು ನನ್ನ ಸಿಟ್ಟಿನ ಉಪಾಯ. ಅವರ ಒಂದು ನಂಬರಿಗೆ ನಾನೇ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ನಾನು ಯಾರು ಗೊತ್ತೇನು, ಇಷ್ಟು ಮಂದಿಗೆ ಕೆಲಸ ಕೊಡುವವಳು ನಾನು, ನನ್ನ ಹೆಣ್ಣುಮಕ್ಕಳ ತಂಟೆಗೆ ಬಂದರೆ ನೋಡು ಎಂದು ಹೆಸರು, ಊರು ಎಲ್ಲ ಸಮೇತ ಹೇಳಿದೆ. ಆ ಕಡೆಯವನು ತಾಳ್ಮೆಯಿಂದ ಕೇಳಿಸಿಕೊಂಡ. ಮರುದಿನದಿಂದ ಹೆಂಗಸರಿಗೆ ಹೋದ ಕರೆಗಳಲ್ಲಿ ನನ್ನ ಹೆಸರೂ ಸೇರಿತು. “ನಿಮ್ಮ ಮೇಡಂ ಜೊತೆ ಮಾತಾಗಿದೆ, ಅವರೇ ಕಟ್ಟಿಸಲು ಹೇಳಿದ್ದಾರೆ” ಎಂದು ಹೇಳುತ್ತಿದ್ದರು. ಒಬ್ಬಾಕೆ ಕಟ್ಟಿಯೂ ಬಿಟ್ಟಳು. ಎರಡು ಸಾವಿರ ಹೋಯಿತು.

ಆಗ ಹೋದದ್ದು ಬಳ್ಳಾರಿಯ ಸೈಬರ್ ಠಾಣೆಗೆ. ನನ್ನ ದೂರನ್ನು ಬರೆದುಕೊಂಡ ಮಹಿಳಾ ಹೆಡ್ ಕಾನ್‌ಸ್ಟೆಬಲ್ ನನಗಿಂತ ಚಿಕ್ಕವರು. ನಾನು ಬೈದ ಕಥೆ ಕೇಳಿ ಪೆನ್ನು ಕೆಳಗಿಟ್ಟರು.

“ಜಗಳಾಡಬ್ಯಾಡ್ರಿ ಅಕ್ಕಾರ. ನೀವು ಮಾತಾಡಿದಷ್ಟೂ ಅವರಿಗೆ ಮಾಹಿತಿ ಸಿಗತೈತಿ. ಖರೇ ಸಾಲ ವಸೂಲಿ ಮಾಡೋರಾದ್ರ ಅವರ ಹತ್ರ ಸಾಲದ ನಂಬರ್ ಇರತೈತಿ, ಆಫೀಸಿನ ವಿಳಾಸ ಇರತೈತಿ. ಮುಂಜಾನಿ ಎಂಟರ ಒಳಗ, ಸಂಜಿ ಏಳರ ಮ್ಯಾಲೆ ಫೋನು ಮಾಡಂಗಿಲ್ಲ. ಬಾಜೂ ಮನಿಯೋರಿಗಂತೂ ಹೇಳಂಗೇ ಇಲ್ಲ. ಇಷ್ಟು ಕೇಳ್ರಿ, ಫೋನು ಇಡ್ರಿ. ಬಂದ ಪ್ರತಿಯೊಂದು ಕರೆ ಬರದು ಇಡ್ರಿ.”

ಹೆಂಗಸರಿಗೆ ಮೂರೇ ಮಾತು ಕಲಿಸಿದೆ: ಸಾಲದ ನಂಬರ್ ಹೇಳ್ರಿ. ಆಫೀಸು ಯಾವ ಊರಾಗೈತಿ ಹೇಳ್ರಿ. ಕಾಗದದ ಮ್ಯಾಲೆ ಬರದು ಮನಿಗೆ ಕಳಸ್ರಿ. ಅಷ್ಟು ಹೇಳಿ ಕತ್ತರಿಸಬೇಕು. ಹೇಳುವುದು ಸುಲಭ, ಮಾಡಿಸುವುದು ಕಷ್ಟವಾಯಿತು. ನಮ್ಮ ಕಡೆಯವರು “ಇಡ್ಲೇನ್ರಿ?” ಎಂದು ಕೇಳದೆ ಫೋನು ಇಡುವವರಲ್ಲ. ಸೊಂಟದ ಪಟ್ಟಿಯವಳು ಮೂರೂ ಮಾತು ಸರಿಯಾಗಿ ಹೇಳಿ, ಕೊನೆಗೆ ರೂಢಿಯಂತೆ “ಇಡ್ಲೇನ್ರಿ?” ಅಂದಳಂತೆ. ಅವನು ಬೇಡ ಅಂದನಂತೆ. ಈಕೆ ಅರ್ಧ ತಾಸು ಹಿಡಿದುಕೊಂಡೇ ಕೂತಿದ್ದಳು. “ಇಡಬ್ಯಾಡ ಅಂದ ಮ್ಯಾಲೆ ಹೆಂಗ ಇಡಬೇಕಕ್ಕಾ?” ಎಂದು ನನ್ನನ್ನೇ ಕೇಳಿದಳು. ನಗು ಬಂತು, ಆದರೆ ಆ ಅರ್ಧ ತಾಸಿನಲ್ಲಿ ಅವನು ಆಕೆಯ ಅಣ್ಣನ ನಂಬರು ತೆಗೆದುಕೊಂಡಿದ್ದ.

ಅದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬೇರೆ ಮಾಡಿದೆ. ಒಂದರಲ್ಲಿ, ಕರೆ ಮಾಡಿದವನಿಗೆ ಮೊದಲೇ ಗೊತ್ತಿದ್ದದ್ದು. ಇನ್ನೊಂದರಲ್ಲಿ, ನಮ್ಮವರ ಬಾಯಿಂದ ಅವನು ತೆಗೆದುಕೊಂಡದ್ದು. ದಿನಾ ಸಂಜೆ ಆರು ಗಂಟೆಗೆ ಒಬ್ಬೊಬ್ಬರಿಗೂ ಫೋನು ಮಾಡಿ ಕೇಳಿ ಬರೆಯುತ್ತಿದ್ದೆ. ಹತ್ತು ದಿನದಲ್ಲಿ ಚಿತ್ರ ಬಿಡಿಸಿಕೊಂಡಿತು. ಗಂಡನ ನಂಬರು, ಪಕ್ಕದ ಮನೆಯವರ ನಂಬರು, ಮಗುವಿನ ಶಾಲೆ, ಯಾವುದೂ ಮೊದಲೇ ಗೊತ್ತಿರಲಿಲ್ಲ. ಮೊದಲ ಕರೆಯಲ್ಲಿ ಹೆದರಿಸಿ ಕೇಳುತ್ತಿದ್ದರು, ಎರಡನೇ ಕರೆಯಲ್ಲಿ ಅದನ್ನೇ ಗೊತ್ತಿದ್ದವರಂತೆ ಹೇಳುತ್ತಿದ್ದರು. ಮೊದಲ ಕರೆಗೇ ಗೊತ್ತಿದ್ದದ್ದು ಎರಡೇ ಸಂಗತಿ: ಊರು ಮತ್ತು ಹೊಲಿಗೆಯ ಕೆಲಸ. ಹನ್ನೊಂದು ಮಂದಿಯ ಹೆಸರಿನ ಎದುರಿಗೂ ಅದೇ ಎರಡು.

ಅಂದರೆ ಮಾಹಿತಿ ಹೋಗಿರುವುದು ನಮ್ಮ ಶೆಡ್ಡಿನಿಂದ. ಕೆಲಸದವರ ಪಟ್ಟಿ ಇರುವುದು ಗುಮಾಸ್ತನ ಕಂಪ್ಯೂಟರಿನಲ್ಲಿ. ಯಜಮಾನರ ಮುಂದೆಯೇ ಅವನನ್ನು ತರಾಟೆಗೆ ತೆಗೆದುಕೊಂಡೆ. ಪಾಪದವನು, ಕಣ್ಣಲ್ಲಿ ನೀರು ತಂದುಕೊಂಡ. “ನನ್ನ ಪಟ್ಟ್ಯಾಗ ಬರೇ ಹೆಸರು, ಊರು ಅದಾವಕ್ಕಾ. ಯಾರು ಜಿಪ್, ಯಾರು ಪಾಕೆಟ್ ಅಂತ ನಂಗೇನು ಗೊತ್ತು?” ಅಂದ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಳ್ಳ ಯಾವತ್ತು ಒಪ್ಪಿಕೊಂಡಿದ್ದಾನೆ ಎಂದು ಎದ್ದು ಬಂದೆ.

ಅದಾಗಿ ಎರಡು ದಿನಕ್ಕೆ ಕುರುಗೋಡಿಗೆ ಹೋಗಿದ್ದೆ. ಜೇಬಿನವಳ ಮನೆಯಲ್ಲಿ ಪೀಸು ಎಣಿಸುತ್ತಿರುವಾಗ ಆಕೆಯ ಫೋನು ಹೊಡೆದುಕೊಂಡಿತು. ಆಕೆ ಬೆದರಿ ನನ್ನ ಮುಖ ನೋಡಿದಳು. ಸ್ಪೀಕರಿಗೆ ಹಾಕು ಎಂದು ಕೈಸನ್ನೆ ಮಾಡಿದೆ. ಅಷ್ಟು ದಿನ ಕರೆಗಳ ಬಗ್ಗೆ ಕೇಳಿ ಬರೆದುಕೊಂಡಿದ್ದೆನೇ ಹೊರತು, ಮಾತಿನ ಮೊದಲ ತುಣುಕನ್ನು ನನ್ನ ಕಿವಿಯಿಂದ ಕೇಳಿರಲಿಲ್ಲ. ಗಂಡಸಿನ ದನಿ, ಮೊದಲು ಹಿಂದಿ, ಆಮೇಲೆ ತೆಲುಗು, ಕೊನೆಗೆ ಮುರುಕು ಕನ್ನಡ.

“ಪಾಕೆಟ್ ಕುರುಗೋಡು ತ್ರೀ ಮೇಡಂ ಮಾತಾಡೋದಾ?”

ಜೇಬಿನವಳು ನಾನು ಕಲಿಸಿದ ಮೂರು ಮಾತನ್ನು ಹೇಳಿ, “ಇಡ್ಲೇನ್ರಿ” ಅನ್ನದೆ ಕತ್ತರಿಸಿದಳು. ಸರಿಯಾಗಿ ಮಾಡಿದೆನೇ ಎಂದು ನನ್ನ ಕಡೆ ನೋಡಿದಳು.

“ಅವ್ರು ಯಾವಾಗ್ಲೂ ಹಿಂಗ ಕರೀತಾರೇನು?”

“ಹೂನಕ್ಕಾ. ಪಾಕೆಟ್ ಅಂದ್ರ ನಮ್ಮ ಕೆಲಸದ ಕಡೆಯೋರಾ ಇರಬೇಕಂತ ನಾ ಮೊದಲ ದಿನ ಎಲ್ಲಾ ಹೇಳಿಬಿಟ್ಟೆ. ಅದೇನೋ ತ್ರೀ ಅಂತಾರ, ಅದು ಮಾತ್ರ ತಿಳೀಲಿಲ್ಲ.”

ಆಕೆಗೆ ಹೇಗೆ ತಿಳಿಯಬೇಕು? ಕುರುಗೋಡಿನಲ್ಲಿ ಜೇಬು ಹಚ್ಚುವ ಮೂವರಲ್ಲಿ ಆಕೆ ಮೂರನೆಯವಳು ಎಂಬ ಅಂಕಿ ಈ ಭೂಮಿಯ ಮೇಲೆ ಇದ್ದದ್ದು ಒಂದೇ ಕಡೆ. ನನ್ನ ಫೋನಿನಲ್ಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಎಷ್ಟು ಮಂದಿಗೆ ಹೇಳಿ ನಕ್ಕಿದ್ದೇನೆ. ಅವತ್ತು ಬ್ಯಾಗಿನಲ್ಲಿದ್ದ ಫೋನನ್ನು ಮುಟ್ಟಿ ನೋಡಿಕೊಂಡವಳು ನಾನು.

ಯುಗಾದಿಗೆ ಮುಂಚೆ ನಡೆದದ್ದು ನೆನಪಾಯಿತು. ಶೆಡ್ಡಿನಿಂದ ಕೂಲಿ ಬರುವುದು ತಡವಾಗಿತ್ತು. ಹಬ್ಬದ ಮುಂದೆ ಹೆಂಗಸರಿಗೆ ಇಲ್ಲ ಅನ್ನಲು ನನ್ನ ಮರ್ಯಾದೆ ಒಪ್ಪಲಿಲ್ಲ. ಮೆಸೇಜಿನಲ್ಲಿ ಬಂದ ಒಂದು ಲಿಂಕ್ ಒತ್ತಿ, ಸಾಲ ಕೊಡುವ ಆ್ಯಪ್ ಹಾಕಿಕೊಂಡಿದ್ದೆ. ಸಂಪರ್ಕಗಳನ್ನು ನೋಡಲು ಅನುಮತಿ ಕೊಡುವಿರಾ ಎಂದು ಕೇಳಿತು. ಫೋಟೋ ನೋಡಲು ಕೇಳಿತು, ಮೆಸೇಜು ಓದಲು ಕೇಳಿತು. ಕೇಳಿದ್ದಕ್ಕೆಲ್ಲ ಹೂಂ ಎಂದು ಒತ್ತುತ್ತಾ ಹೋದೆ. ಇಪ್ಪತ್ತು ಸಾವಿರ ಬಂತು, ಹಂಚಿದೆ. ತಿಂಗಳೊಳಗೆ ಬಡ್ಡಿ ಸಮೇತ ತೀರಿಸಿ ಆ್ಯಪ್ ಅಳಿಸಿ ಹಾಕಿದೆ. ಮನೆಯವರಿಗೂ ಹೇಳಿರಲಿಲ್ಲ. ತೀರಿಸಿದ ಮೇಲೆ ಹೇಳುವುದೇನಿದೆ ಎಂದುಕೊಂಡಿದ್ದೆ. ಸಾಲ ತೀರಿತ್ತು, ಆದರೆ ನೂರಾರು ಹೆಣ್ಣುಮಕ್ಕಳ ನಂಬರು ಅವರ ಹತ್ತಿರ ಉಳಿದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಕುರುಗೋಡಿನಿಂದ ನೇರ ಠಾಣೆಗೆ ಹೋಗಿ ಇದನ್ನೂ ಬರೆಸಿದೆ. ಹೆಡ್ ಕಾನ್‌ಸ್ಟೆಬಲ್ ಆಶ್ಚರ್ಯಪಡಲಿಲ್ಲ, ಇಂಥದ್ದು ಅವರು ದಿನಾ ಕೇಳುತ್ತಾರೆ. “ನಿಮ್ಮ ಫೋನಿಂದ ಹೋಗೈತಂತ ನಾವು ಯಾರಿಗೂ ಹೇಳಾಕ ಹೋಗಂಗಿಲ್ಲ,” ಅಂದರು. “ಹೇಳೋದು ಬಿಡೋದು ನಿಮಗ ಬಿಟ್ಟಿದ್ದು.”

ಅಲ್ಲೇ ನಾನು ಜಾರಿದೆ. ಹೇಳಬೇಕಾಗಿಲ್ಲ ಎಂದು ತಿಳಿದ ಕೂಡಲೇ ಹೇಳದಿರಲು ಕಾರಣಗಳು ಹೊಳೆಯತೊಡಗಿದವು. ನಮ್ಮ ಈ ಕೆಲಸದಲ್ಲಿ ಹೆಂಗಸರು ನಂಬರು ಕೊಡುವಾಗ ಎದುರಿಗೆ ಅತ್ತೆ ಇರುತ್ತಾರೆ, ಗಂಡ ಇರುತ್ತಾನೆ. ಅತ್ತೆ ತಾನೇ ಹೇಳಿ ಬರೆಸುತ್ತಾಳೆ, “ನೀವು ಹೆಣ್ಮಗಳಂತ ಕೊಡಾಕತ್ತೀವಿ ನೋಡ್ರಿ” ಎಂದು. ಆ ಒಂದು ಮಾತಿನ ಮೇಲೆ ನನ್ನ ಅನ್ನ ನಿಂತಿದೆ. ನಂಬರು ಬೀದಿಗೆ ಬಿದ್ದದ್ದು ನನ್ನಿಂದ ಎಂದರೆ ಮರುದಿನ ಯಾವ ಮನೆಯ ಬಾಗಿಲು ನನಗೆ ತೆರೆಯುತ್ತದೆ? ಅದೂ ಅಲ್ಲದೆ, ಜಿಪ್‌ನವಳ ಮೇಲೆ ಸಾಲವಿಲ್ಲ ಎಂಬುದಕ್ಕೆ ಪುರಾವೆ ತೋರಿಸಿದರೆ ಸಾಕಲ್ಲ, ನನ್ನ ಕಥೆ ಯಾಕೆ ಬೇಕು ಎಂದು ಸಮಾಧಾನ ಮಾಡಿಕೊಂಡೆ. ಗುಮಾಸ್ತನ ಕ್ಷಮೆ ಮಾತ್ರ ಕೇಳಿದೆ, ಅದೂ ಕಾರಣ ಹೇಳದೆ.

ಪುರಾವೆ ಹುಡುಕಿದೆ. ಸಿರುಗುಪ್ಪದಲ್ಲಿ ಆಕೆಯ ಖಾತೆಯಿದ್ದ ಬ್ಯಾಂಕಿಗೆ ಹೋದರೆ, ತಮ್ಮ ಶಾಖೆಯಲ್ಲಿ ಸಾಲವಿಲ್ಲ ಎಂದು ಹೇಳಬಹುದು, ಬೇರೆ ಕಡೆಯದು ಹೇಳಲಾಗದು ಎಂದರು ಮ್ಯಾನೇಜರು. ಯಾರ ಹೆಸರಿನಲ್ಲಿ ಎಲ್ಲೆಲ್ಲಿ ಸಾಲವಿದೆ ಎಂದು ತೋರಿಸುವ ವರದಿ ಫೋನಿನಲ್ಲೇ ಪುಕ್ಕಟೆ ಸಿಗುತ್ತದೆ, ತೆಗೆಯಿರಿ ಎಂದು ದಾರಿ ತೋರಿಸಿದರು. ಅದಕ್ಕೆ ಪ್ಯಾನ್ ಕಾರ್ಡ್ ಕೇಳುತ್ತಾರೆ, ಆಕೆಗೆ ಇರಲಿಲ್ಲ. ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ ಎಂದು ಗೊತ್ತಾಯಿತು. ಆದರೆ ಒಟಿಪಿ ಬರುವುದು ಆಕೆಯ ನಂಬರಿಗೆ. ಆಕೆಯ ಫೋನು ಅತ್ತೆಯ ಟ್ರಂಕಿನಲ್ಲಿತ್ತು. ಆಕೆ ಸಾಲ ಮಾಡಿಲ್ಲ ಎಂದು ತೋರಿಸಲು, ಸಾಲ ಮಾಡಿದಳೆಂದು ಕಿತ್ತುಕೊಂಡ ಫೋನೇ ಬೇಕಾಗಿತ್ತು.

ಗಿರಣಿಯ ಮುಂದೆ ಕಾದು ಗಂಡನನ್ನು ಹಿಡಿದೆ. ಹತ್ತು ನಿಮಿಷ ಫೋನು ಚಾಲೂ ಮಾಡಿಸಪ್ಪಾ ಎಂದು ಕೇಳಿಕೊಂಡೆ. ಅವನು ನನ್ನನ್ನು ಮನೆಗೆ ಕರೆದುಕೊಂಡು ಹೋದ. ಅತ್ತೆ ಸೊಂಟದ ಬೀಗದಕೈ ತೆಗೆದು ಟ್ರಂಕು ತೆರೆದು ಫೋನು ಕೊಟ್ಟರು. ಚಾರ್ಜು ಇರಲಿಲ್ಲ. ಕಾಲು ತಾಸು ಎಲ್ಲರೂ ಕೂತು ಅದು ಚಾರ್ಜಾಗುವುದನ್ನೇ ನೋಡಿದೆವು. ಜಿಪ್‌ನವಳು ಆಗಲೂ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಮಾತಾಡಿಸಲಿಲ್ಲ. ಒಟಿಪಿ ಬಂತು, ವರದಿ ತೆರೆದುಕೊಂಡಿತು. ಆಕೆಯ ಹೆಸರಿನಲ್ಲಿ ಒಂದೂ ಸಾಲವಿಲ್ಲ.

“ನೋಡ್ರಿ,” ಎಂದೆ, ಗೆದ್ದವಳ ಹಾಗೆ.

ಗಂಡ ಫೋನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. “ಇದೂ ಫೋನಿನ್ಯಾಗ ಬಂದ ಕಾಗದ,” ಅಂದ. “ಆ ಮಂದಿ ಕಳಿಸಿದ್ದೂ ಫೋನಿನ್ಯಾಗ ಬಂದ ಕಾಗದ. ಅದಕ್ಕ ಸಿಕ್ಕಾನೂ ಐತಿ. ಯಾವುದು ಖರೇ ಅಂತ ನಾ ಹೆಂಗ ನಂಬಲಿ?”

“ಸರ್ಕಾರದ ಚೀಟಿ ನಂಬರು ಕೊಟ್ಟು ತೆಗೆದದ್ದಪ್ಪಾ ಇದು.”

“ಆತು. ಹಂಗಾದ್ರ ಒಂದು ಹೇಳ್ರಿ. ಇಕಿ ಜಿಪ್ ಹಚ್ಚತಾಳಂತ ಆಂವಗ ಯಾರು ಹೇಳಿದ್ರು? ನಾವು ಹೇಳಿಲ್ಲ. ಓಣ್ಯಾಗ ಇಕಿ ಹೊಲಿಗಿ ಮಾಡ್ತಾಳಂತ ಗೊತ್ತು, ಜಿಪ್ ಅಂತ ಯಾರಿಗೂ ಗೊತ್ತಿಲ್ಲ. ಇಕಿ ಹೇಳಿರಬೇಕು, ಇಲ್ಲಾಂದ್ರ ಇನ್ಯಾರು?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದ. ತಿಳಿದರೆ ಹೆಂಡತಿಯನ್ನು ನಂಬಲು ಅವನಿಗೂ ಆಸೆಯಿತ್ತು. ಅಂಥ ಮೋಸಗಾರರಿಗೆ ಎಲ್ಲ ಹೇಗೋ ಗೊತ್ತಾಗುತ್ತದೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಜಿಪ್‌ನವಳ ಮುಖ ನೋಡಿದೆ. ಆಕೆ ನನ್ನ ಉತ್ತರಕ್ಕೆ ಕಾಯುತ್ತಲೂ ಇರಲಿಲ್ಲ. ನನ್ನಿಂದ ಏನೂ ಬರುವುದಿಲ್ಲ ಎಂದು ಆಕೆ ಮೊದಲೇ ತೀರ್ಮಾನಿಸಿದಂತಿತ್ತು. ಅದನ್ನು ಸಹಿಸಲು ನನ್ನಿಂದ ಆಗಲಿಲ್ಲ.

ನನ್ನ ಫೋನು ತೆಗೆದು ಅವನ ಕೈಗೆ ಕೊಟ್ಟೆ. “ನಿನ್ನ ಹೆಂಡ್ತಿ ನಂಬರು ಹುಡುಕು,” ಅಂದೆ. ಅವನು ತನಗೆ ಬಾಯಿಪಾಠವಿದ್ದ ಹತ್ತು ಅಂಕಿ ಒತ್ತಿದ. ಪರದೆಯ ಮೇಲೆ ಮೂಡಿದ್ದನ್ನು ಕೂಡಿಸಿ ಓದಿದ: “ಜಿಪ್… ಸಿರುಗುಪ್ಪ.” ಆಮೇಲೆ ತಲೆ ಎತ್ತಿ, “ಹಿಂಗಾ ಅಂತಿದ್ದ ಆಂವ. ಬರೋಬ್ಬರಿ ಹಿಂಗಾ,” ಎಂದ.

ಎಲ್ಲ ಹೇಳಿದೆ. ಹಬ್ಬದ ಕೂಲಿ, ಲಿಂಕು, ಇಪ್ಪತ್ತು ಸಾವಿರ, ಕೇಳಿದ್ದಕ್ಕೆಲ್ಲ ಹೂಂ ಎಂದು ಒತ್ತಿದ್ದು. ಕುರುಗೋಡಿನಲ್ಲಿ ಗೊತ್ತಾದ ಮೇಲೂ ಆರು ದಿನ ಬಾಯಿ ಬಿಡದೆ ಇದ್ದದ್ದನ್ನೂ ಹೇಳಿದೆ. ಅತ್ತೆ ನಡುವೆ ಒಂದೇ ಒಂದು ಪ್ರಶ್ನೆ ಕೇಳಿದರು.

“ಅಂದ್ರ ಗಂಡಗ ಗೊತ್ತಿಲ್ದಂಗ ಸಾಲ ಮಾಡಿದಾಕಿ ನೀನಾ?”

ಅಲ್ಲಿಯವರೆಗೆ ಅವರು ನನ್ನನ್ನು ಏಕವಚನದಲ್ಲಿ ಕರೆದವರಲ್ಲ. “ಹೂನವ್ವಾ, ನಾನಾ,” ಅಂದೆ.

ಅವರು ಸೊಸೆಯ ಕಡೆ ನೋಡಿದರು. ಆಮೇಲೆ ಎದ್ದು ಹೋಗಿ ಮೆಷಿನ್ನಿನ ಮೇಲಿನ ಸೀರೆ ತೆಗೆದು ಮಡಿಸತೊಡಗಿದರು. ಗಂಡ ಚಾರ್ಜರಿನಿಂದ ಫೋನು ಬಿಡಿಸಿ ಹೆಂಡತಿಗೆ ಚಾಚಿದ. ಆಕೆ ಅದನ್ನು ಇಸಿದುಕೊಂಡು ಸೆರಗಿನಲ್ಲಿ ಒರೆಸಿದಳು.

ಮುಗಿಯಿತು ಎಂದು ನಾನು ಉಸಿರುಬಿಟ್ಟು ಏಳಲು ಹೋದೆ. ಆಗ ಆಕೆ ಅವತ್ತು ಮೊದಲ ಸಲ ಮಾತಾಡಿದಳು.

“ಎಲ್ಲಿಗೆ ಹೊಂಟ್ರಿ?”

“ಬಸ್ಸಿಗೆ ಹೊತ್ತಾತವ್ವಾ. ನಾಳಿ ಮಾಲು ಕಳಸ್ತೀನಿ.”

“ಮಾಲು ಆಮ್ಯಾಲೆ. ಮನ್ಯಾಗ ಹೇಳಿದ್ರಿ, ಇವರಿಬ್ಬರಿಗೆ ತಿಳೀತು. ನಾ ಸಾಲಗಾರ್ತಿ ಅಂತ ಕೇಳಿದ್ದು ಇಡೀ ಓಣಿ. ಒಂದು ತಿಂಗಳಾತು, ನೀರಿಗೆ ಹೋದ್ರ ಮಂದಿ ಮಾತು ನಿಲ್ಲಿಸ್ತಾರ. ಅವರಿಗೆ ಯಾರು ಹೇಳಬೇಕು?”

“ಹೋಗ್ಲಿ ಬಿಡವಾ,” ಅತ್ತೆ ಒಳಗಿನಿಂದ ಅಂದರು, “ದೊಡ್ಡಾಕಿ ಅದಾಳ.”

“ನಾನು ಸಣ್ಣಾಕಿ ಅಂತ ಯಾರೂ ಬಿಟ್ಟಿಲ್ಲತ್ತಿ,” ಎಂದು ಆಕೆ ಖಾಲಿ ಕೊಡ ಕೈಗೆ ತೆಗೆದುಕೊಂಡಳು.

ನೀರು ಬಿಡುವ ಹೊತ್ತು. ಓಣಿಯ ಬಾಯಲ್ಲಿರುವ ಟ್ಯಾಂಕಿನ ಮುಂದೆ ಹದಿನೈದು ಇಪ್ಪತ್ತು ಹೆಂಗಸರು ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ನಿಂತಿದ್ದರು. ಎದುರಿನ ಕಿರಾಣಿ ಅಂಗಡಿಯವನೂ ಇದ್ದ, ಅವನಿಗೂ ಆ ಕರೆ ಹೋಗಿತ್ತು. ನಾವು ಹತ್ತಿರ ಹೋದಂತೆ ಆಕೆ ಹೇಳಿದ್ದು ನಿಜವೆಂದು ಕಂಡಿತು, ಮಾತುಗಳು ಒಂದೊಂದಾಗಿ ನಿಂತವು. ಆಕೆ ಸಾಲಿನ ಕೊನೆಗೆ ತನ್ನ ಕೊಡ ಇಟ್ಟು, ಟ್ಯಾಂಕಿನ ಕಟ್ಟೆಯನ್ನು ನನಗೆ ತೋರಿಸಿದಳು. ನಾನು ಹತ್ತಿ ನಿಂತೆ.

“ಈಕಿ ಯಾವ ಸಾಲಾನೂ ಮಾಡಿಲ್ಲ,” ಎಂದೆ. “ಸಾಲ ಮಾಡಿದಾಕಿ ನಾನು. ಈಕಿ ನಂಬರು ಆ ಕಳ್ಳರಿಗೆ ಸಿಕ್ಕಿದ್ದು ನನ್ನ ಫೋನಿಂದ. ತಪ್ಪು ನಂದು.”

ನಲ್ಲಿಯ ನೀರು ಕೊಡದಲ್ಲಿ ಸದ್ದು ಮಾಡುತ್ತಾ ಬೀಳುತ್ತಿತ್ತು. ನಾನು ಇಳಿಯಲು ಕಾಲು ಕೆಳಗೆ ಚಾಚಿದೆ.

“ಹಿಂದಿನೋರಿಗೆ ಕೇಳಿಲ್ಲಕ್ಕಾ,” ಆಕೆ ಸಾಲಿನ ತುದಿಯಿಂದ ಅಂದಳು. “ಇನ್ನೊಮ್ಮಿ ಹೇಳ್ರಿ.”

ಯಾರೋ ನಲ್ಲಿ ಬಂದ್ ಮಾಡಿದರು. ನಾನು ಮತ್ತೆ ಕಟ್ಟೆ ಹತ್ತಿ, ಮೊದಲಿನಿಂದ, ಈ ಸಲ ಕಿರಾಣಿ ಅಂಗಡಿಗೂ ಕೇಳುವಂತೆ ಹೇಳಿದೆ.